ನಾಡಪಾಲರು ಕಂಡ ಕಲ್ಲುಗಳು

ಆ ದಿನವೂ ಬೇರೆಲ್ಲ ನಡಿಗೆಯ ದಿನಗಳ ಹಾಗೆಯೇ ಇತ್ತು. ಗಾಳಿ ನಿಂತು ಮೂರು ದಿನವಾಗಿತ್ತು. ಹೆಂಗಸರು ಒಲೆಗಲ್ಲುಗಳನ್ನು ತಣಿಸಿ ಬುಟ್ಟಿಗೆ ಹಾಕಿಕೊಂಡಿದ್ದರು. ಗಂಡಸರು ಬಾಗಿಲುಗಳನ್ನು ಬಿಡಿಸಿ ಇಬ್ಬಿಬ್ಬರಾಗಿ ಹೊತ್ತಿದ್ದರು. ಉಪ್ಪಿನ ಮಡಕೆ ಮರೆತವಳೊಬ್ಬಳು ಅತ್ತೆಯಿಂದ ಬೈಸಿಕೊಳ್ಳುತ್ತಿದ್ದಳು. ನಾನು ಶಾಲೆಯ ಕರಿಹಲಗೆಯನ್ನು ಬೆನ್ನಿಗೆ ಕಟ್ಟಿಕೊಂಡಿದ್ದೆ.

ನಮ್ಮದು ನಡೆಯುವ ಊರು. ಪಶ್ಚಿಮದಿಂದ ಮರಳು ಬರುತ್ತದೆ. ವರ್ಷಕ್ಕೆ ನಾನೂರು ಹೆಜ್ಜೆ ಬರುತ್ತದೆ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಬಂದ ಕಡೆ ಎರಡಾಳು ಎತ್ತರ ನಿಲ್ಲುತ್ತದೆ. ಆದ್ದರಿಂದ ವರ್ಷಕ್ಕೊಂದು ದಿನ ಊರು ಎದ್ದು, ಪೂರ್ವಕ್ಕೆ ನಾನೂರು ಹೆಜ್ಜೆ ನಡೆದು, ಮತ್ತೆ ಕೂರುತ್ತದೆ. ಕೂತ ಮೇಲೆ ಮೊದಲು ಪಶ್ಚಿಮಕ್ಕೊಂದು ಮಣ್ಣಿನ ಗೋಡೆ ಎತ್ತುತ್ತೇವೆ. ಸತ್ತವರನ್ನು ಆ ಗೋಡೆಯ ಪಕ್ಕ ಹೂಳಿ, ಮೊಣಕಾಲೆತ್ತರದ ಕಲ್ಲು ನೆಟ್ಟು, ಸುಣ್ಣ ಬಳಿಯುತ್ತೇವೆ. ಮುಂದಿನ ನಡಿಗೆಯಲ್ಲಿ ಗೋಡೆಯೂ ಕಲ್ಲೂ ಅಲ್ಲೇ ಉಳಿಯುತ್ತವೆ.

ನಡೆಯುವಾಗ ಯಾರೂ ಹಿಂದಿರುಗಿ ನೋಡಬಾರದು. ಗೋಡೆಯಾಚೆ ಯಾರೂ ಇಣುಕಬಾರದು. ಎಲ್ಲರ ಪರವಾಗಿ ಹಿಂದೆ ನೋಡುವವರು ಒಬ್ಬರೇ, ನಾಡಪಾಲರು. ಅವರು ಎಲ್ಲರಿಗಿಂತ ಮುಂದೆ ನಡೆಯುತ್ತಾರೆ, ಆದರೆ ನಮ್ಮ ಕಡೆ ಮುಖ ಮಾಡಿ, ಹಿಮ್ಮುಖವಾಗಿ ಹೆಜ್ಜೆಯಿಡುತ್ತಾರೆ. ದಾರಿ ಕಾಣುವುದು ನಮಗೆ. ಬಿಟ್ಟ ಊರು ಕಾಣುವುದು ಅವರಿಗೆ. "ಕಲ್ಲು," ಎಂದು ನಾವು ಕೂಗುತ್ತೇವೆ, ಅವರು ಕಾಲೆತ್ತಿ ದಾಟುತ್ತಾರೆ. "ಹಳ್ಳ," ಎಂದು ಕೂಗುತ್ತೇವೆ, ಅವರು ಎಡಕ್ಕೆ ಸರಿಯುತ್ತಾರೆ. ಸಂಜೆ ಹೊಸ ಜಾಗದಲ್ಲಿ ನಿಂತು, ತಾವು ಕಂಡದ್ದನ್ನು ಊರಿಗೆ ಹೇಳುತ್ತಾರೆ. ಅದನ್ನು ಹೇಳಿಕೆ ಎನ್ನುತ್ತೇವೆ. ಹೇಳಿಕೆಯನ್ನು ಬರೆದಿಡುವುದು ಶಾಲೆಯ ಮೇಷ್ಟರ ಕೆಲಸ.

ಇನ್ನೊಂದು ನಿಯಮವೂ ಇದೆ. ಅಧಿಕಾರದಲ್ಲಿರುವಷ್ಟು ದಿನ ನಾಡಪಾಲರು ಪಶ್ಚಿಮಕ್ಕೆ ಬೆನ್ನು ಹಾಕುವಂತಿಲ್ಲ. ಅವರ ಮನೆ ಪಶ್ಚಿಮದ ಗೋಡೆಗೆ ಅಂಟಿಕೊಂಡಿರುತ್ತದೆ. ಅದರ ಒಂದು ಬಾಗಿಲು ಗೋಡೆಯಾಚೆಗೆ ತೆರೆಯುತ್ತದೆ. ಸಭೆಯಲ್ಲಿ ಅವರ ಪೀಠ ಪಶ್ಚಿಮಕ್ಕೆ ತಿರುಗಿರುತ್ತದೆ, ನಾವು ಅವರೆದುರು ಕೂರುತ್ತೇವೆ. ಹೀಗಾಗಿ ಊರು ನಾಡಪಾಲರ ಮುಖವನ್ನಷ್ಟೇ ಬಲ್ಲದು.

ಆ ದಿನ ಇನ್ನೂರು ಹೆಜ್ಜೆ ಮುಗಿದಿತ್ತು. ಆಗಿನ ನಾಡಪಾಲರ ರೆಪ್ಪೆಯ ಮೇಲೆ ಒಂದು ಕಣಜ ಕೂತಿತು. ಅವರು ಕೈ ಬೀಸಿ ಗಿರಕ್ಕನೆ ತಿರುಗಿಬಿಟ್ಟರು. ಒಂದು ಕ್ಷಣ ಪೂರ್ವಕ್ಕೆ ಮುಖ ಮಾಡಿ ನಿಂತರು. ಅಷ್ಟಕ್ಕೆ ಅವರ ಅಧಿಕಾರ ಮುಗಿಯಿತು. "ಅಬ್ಬಾ, ಮುಂದೆ ಎಷ್ಟು ಬಯಲು!" ಎಂದರು. ಆಮೇಲೆ ಒಬ್ಬ ಮುದುಕಿಯ ಗಂಟನ್ನು ತಲೆಗೇರಿಸಿಕೊಂಡು ಜನರೊಳಗೆ ಸೇರಿಕೊಂಡರು.

ಊರು ನಿಂತುಬಿಟ್ಟಿತು. ಹತ್ತಿ ವ್ಯಾಪಾರಿ ಮುಂದೆ ಬಂದ. ಅವನು ಹಗುರದವರ ನಾಯಕ. ನಮ್ಮಲ್ಲಿ ಎರಡು ಪಕ್ಷ. ಹೊತ್ತದ್ದನ್ನು ಇಳಿಸಬಾರದು ಎನ್ನುವವರು ಭಾರದವರು. ಬೇಡದ್ದನ್ನು ಬಿಟ್ಟು ನಡೆಯೋಣ ಎನ್ನುವವರು ಹಗುರದವರು.

"ಒಂದು ದಿನ ಯಾರೂ ಹಿಂದೆ ನೋಡದಿದ್ದರೆ ಆಕಾಶ ಕಳಚಿ ಬೀಳತ್ತಾ? ನಡೀರಿ, ಬಿಸಿಲೇರ್ತಾ ಇದೆ," ಎಂದ.

ನನ್ನ ಹೆಂಡತಿ ತೀರಿಕೊಂಡು ಹತ್ತೊಂಬತ್ತು ದಿನವಾಗಿತ್ತು. ಅವಳ ಕಲ್ಲಿನ ಸುಣ್ಣ ಇನ್ನೂ ಹೊಸದಾಗಿತ್ತು. ಯಾರೂ ನೋಡದಿದ್ದರೆ ಅವಳನ್ನು ಕೊನೆಯ ಸಲ ನೋಡಿದವರೇ ಇಲ್ಲದಂತಾಗುತ್ತದೆ ಎಂದು ನನಗೆ ಅನಿಸಿತು.

ಆಗ ನ್ಯಾಯದ ಕಟ್ಟೆಯ ಹೊಸಿಲುಗಲ್ಲನ್ನು ಹೆಗಲ ಮೇಲೆ ಹೊತ್ತಿದ್ದ ಒಬ್ಬ ಮನುಷ್ಯ ಸಾಲಿನಿಂದ ಹೊರಗೆ ಬಂದ. ಕಲ್ಲನ್ನು ಇಳಿಸಲಿಲ್ಲ. ಎಲ್ಲರ ಮುಂದೆ ಹೋಗಿ, ನಮ್ಮ ಕಡೆ ತಿರುಗಿ, ಒಂದು ಹೆಜ್ಜೆ ಹಿಂದಕ್ಕಿಟ್ಟ.

"ನಡೀರಿ. ನಾನು ನೋಡ್ತೀನಿ," ಎಂದ.

ಯಾರೋ "ಕಲ್ಲು" ಎಂದು ಕೂಗಿದರು. ಅವರು ಕಾಲೆತ್ತಿ ದಾಟಿದರು. ಊರು ಅವರ ಹಿಂದೆ ಹೊರಟಿತು. ಆ ಗಳಿಗೆಯಿಂದ, ಊರಿನ ಸೂಲಗಿತ್ತಿಯನ್ನು ಬಿಟ್ಟರೆ, ಅವರನ್ನು ಯಾರೂ ಏಕವಚನದಲ್ಲಿ ಕರೆಯಲಿಲ್ಲ.

ಆ ಸಂಜೆಯ ಹೇಳಿಕೆ ನನ್ನ ಪುಸ್ತಕದಲ್ಲಿದೆ. ಹಿಂದಿನವರೆಲ್ಲ ಆ ವರ್ಷದ ಕಲ್ಲುಗಳನ್ನು ಹೆಸರಿಸಿ, "ಉಳಿದದ್ದು ಮರಳಿಗೆ" ಎಂದು ಮುಗಿಸುತ್ತಿದ್ದರು. ಇವರು ಬಿಟ್ಟ ಊರಿನ ಪ್ರತಿಯೊಂದನ್ನೂ ಹೇಳಿದರು. ಬಾವಿಯ ರಾಟೆ ಇಲ್ಲದ ಕಂಬಗಳನ್ನು ಕಂಡೆ. ಕುಂಬಾರರ ಬೂದಿಯನ್ನು ಕಂಡೆ. ಒಂದು ಕೋಳಿ ಮರಳಿಗೆ ಎದುರಾಗಿ ನಡೆಯುವುದನ್ನು ಕಂಡೆ. ಮೇಷ್ಟರ ಹೆಂಡತಿಯ ಬಿಳಿ ಕಲ್ಲನ್ನು ಕಂಡೆ, ಅದರ ಬಲಗಡೆ ಬಿಸಿಲಿತ್ತು. ನನ್ನ ಕೈ ಅಷ್ಟನ್ನೂ ಬರೆಯಿತು.

ಮೂರು ದಿನ ಬಿಟ್ಟು ಆಯ್ಕೆ ನಡೆಯಿತು. ನಮ್ಮಲ್ಲಿ ಭಾರದವರಿಗೆ ಹಾಕುವವರು ಬೆಣಚುಕಲ್ಲು ಹಾಕುತ್ತಾರೆ, ಹಗುರದವರಿಗೆ ಹಾಕುವವರು ಹತ್ತಿಬೀಜ ಹಾಕುತ್ತಾರೆ. ಅಜ್ಜಂದಿರ ಕಾಲದಲ್ಲಿ ಈ ಮತಗಳನ್ನು ತಕ್ಕಡಿಯಲ್ಲಿ ತೂಗುತ್ತಿದ್ದರಂತೆ, ಹಗುರದವರು ಅರವತ್ತು ವರ್ಷ ಗೆಲ್ಲಲೇ ಇಲ್ಲವಂತೆ. ಈಗ ಎಣಿಸುತ್ತೇವೆ. ಎಣಿಸಿದರೂ ಭಾರದವರ ಪರ ನಿಂತ, ಹೊಸಿಲುಗಲ್ಲು ಹೊತ್ತಿದ್ದ ಅವರೇ ಗೆದ್ದರು. ಆಮೇಲೆ ಮೂರು ವರ್ಷಕ್ಕೊಮ್ಮೆ ಮೂರು ಸಲ ಗೆದ್ದರು.

ಅವರು ಮೃದು ಮನುಷ್ಯರಾಗಿರಲಿಲ್ಲ. ಇದನ್ನೂ ಬರೆಯಬೇಕು. ಬೀಸುಕಲ್ಲುಗಳನ್ನು ಬಿಟ್ಟು ಹೋಗೋಣ, ಹೊಸ ಜಾಗದಲ್ಲಿ ಹೊಸದು ಕೊರೆಯೋಣ ಎಂದು ಸಭೆ ಠರಾವು ಮಾಡಿತು. ಠರಾವು ಅವರ ಮುಂದೆ ಹೋಯಿತು. "ಹಿಂದಿನದೇ ಇರಲಿ," ಎಂದು ವಾಪಸು ಕಳಿಸಿದರು. ಬಂಡಿ ಕಟ್ಟೋಣ ಎಂದು ಠರಾವಾಯಿತು. "ಹಿಂದಿನದೇ ಇರಲಿ." ವಿಧವೆಯರಿಗೆ ಹೊರೆ ಬೇಡ ಎಂದು ಠರಾವಾಯಿತು. ಅದಕ್ಕೂ ಅದೇ ಉತ್ತರ. ಆ ವರ್ಷ ಸೂಲಗಿತ್ತಿ ಸಭೆಯಲ್ಲಿ ಎದ್ದು ನಿಂತಳು. ಊರಿನ ಅರ್ಧ ಜನ ಅವಳ ಕೈಯಲ್ಲಿ ಹುಟ್ಟಿದವರು, ಅವಳಿಗೆ ಯಾರ ಹೆದರಿಕೆಯೂ ಇರಲಿಲ್ಲ.

"ನಾಡಪಾಲಪ್ಪಾ, ನನ್ನ ಗಂಡ ಸತ್ತಾಗ ನನ್ನ ತಲೆ ಮೇಲಿನ ಹೊರೆ ಇಳೀತು ಅಂದ್ಕೊಂಡಿದ್ದೆ. ನೀನು ಅವನಿಗಿಂತ ಕಷ್ಟದವನು ಕಣಯ್ಯಾ."

ಸಭೆ ನಕ್ಕಿತು. ನಾಡಪಾಲರು ನಗಲಿಲ್ಲ. "ಹೊರೆ ಇಳಿಸಿದವರನ್ನ ಊರು ಮರೆಯತ್ತಮ್ಮ. ನಿನ್ನನ್ನ ಊರು ಮರೆಯೋದು ನನಗೆ ಬೇಡ," ಎಂದರು.

ಹತ್ತಿ ವ್ಯಾಪಾರಿ ಹಿಂದಿನ ಸಾಲಿನಿಂದ ಕೂಗಿದ, "ಇವರ ಮನೇಲಿ ಹಳಸಿದ ಅನ್ನಕ್ಕೂ ಮತದ ಹಕ್ಕಿದೆಯಂತೆ!"

"ಇದೆ. ಉಬ್ಬಿ ಹಗುರಾಗೋ ಪದಾರ್ಥ, ನಿಮ್ಮ ಪಕ್ಷಕ್ಕೇ ಹಾಕತ್ತೆ," ಎಂದರು ನಾಡಪಾಲರು. ಆಗಲೂ ನಗಲಿಲ್ಲ.

ಊರು ಅವರನ್ನು ಬಯ್ಯುತ್ತಿತ್ತು, ಮತ್ತೆ ಅವರಿಗೇ ಕಲ್ಲು ಹಾಕುತ್ತಿತ್ತು. ಕಾರಣ ಹೇಳಿಕೆ. ಎರಡನೆಯ ವರ್ಷದ ಸಂಜೆ ಅವರು ಆ ವರ್ಷದ ಕಲ್ಲುಗಳನ್ನು ಹೆಸರಿಸಿ ಮುಗಿಸಲಿಲ್ಲ. ಹೋದ ವರ್ಷದವನ್ನೂ ಹೆಸರಿಸಿದರು. ಮೂರನೆಯ ವರ್ಷ ಮೂರು ವರ್ಷದವನ್ನು ಹೆಸರಿಸಿದರು. ಅವರ ಹೇಳಿಕೆಯಲ್ಲಿ "ಉಳಿದದ್ದು ಮರಳಿಗೆ" ಎಂಬ ಮಾತು ಒಮ್ಮೆಯೂ ಬರಲಿಲ್ಲ. ಪಟ್ಟಿ ಬೆಳೆಯಿತು, ಒಂದು ಹೆಸರೂ ಬೀಳಲಿಲ್ಲ. ಕಮ್ಮಾರನ ತಮ್ಮನ ಕಲ್ಲನ್ನು ಕಂಡೆ, ಬಿಳಿ. ಅವಳಿ ಕೂಸುಗಳ ಕಲ್ಲನ್ನು ಕಂಡೆ, ಬಿಳಿ. ಮೇಷ್ಟರ ಹೆಂಡತಿಯ ಕಲ್ಲನ್ನು ಕಂಡೆ, ಬಿಳಿ. ಆ ಪಟ್ಟಿ ಕೇಳುವ ಹೊತ್ತಿನಲ್ಲಿ ಊರಿನ ಕೂಸುಗಳು ಸಹ ಅಳುತ್ತಿರಲಿಲ್ಲ. ನಾಡಪಾಲರ ಕಣ್ಣುಗಳಲ್ಲಿ ನಮ್ಮ ಹಿಂದಿನ ಬಯಲು ಇಡಿಯಾಗಿ ಇದೆಯೆಂದು ನಾವು ನಂಬಿದ್ದೆವು. ಅವರ ಮುಖವನ್ನು ನೋಡುವಾಗ ಬಾವಿಯೊಳಗೆ ಬಗ್ಗಿ ನೋಡಿದಂತಾಗುತ್ತಿತ್ತು.

ನಾನು ಮಕ್ಕಳಿಗೆ ಲೆಕ್ಕ ಕಲಿಸುವವನು. ಎರಡಾಳು ಎತ್ತರದ ಮರಳಿನಡಿ ಮೊಣಕಾಲೆತ್ತರದ ಕಲ್ಲು ಎಷ್ಟು ದಿನ ಕಾಣುತ್ತದೆ ಎಂಬುದು ಮೂರನೆಯ ತರಗತಿಯ ಲೆಕ್ಕ. ಆ ಒಂದು ಲೆಕ್ಕವನ್ನು ನಾನು ಹನ್ನೆರಡು ವರ್ಷ ಮಾಡಲಿಲ್ಲ. ವರ್ಷಕ್ಕೊಂದು ಸಂಜೆ ಅವಳ ಹೆಸರಿನ ಮುಂದೆ 'ಕಂಡಿದೆ' ಎಂದು ಬರೆಯುತ್ತಿದ್ದೆ. ಉಳಿದ ದಿನಗಳನ್ನು ಅದರ ಮೇಲೆ ಕಳೆಯುತ್ತಿದ್ದೆ.

ಹನ್ನೆರಡನೆಯ ವರ್ಷ ಪಟ್ಟಿಯಲ್ಲಿ ನಲವತ್ತೊಂದು ಹೆಸರುಗಳಿದ್ದವು. ಹೇಳಿಕೆಯ ಮಾರನೆಯ ಬೆಳಿಗ್ಗೆ ಹತ್ತಿ ವ್ಯಾಪಾರಿ ಶಾಲೆಗೆ ಬಂದ. ಬಾಗಿಲಿಲ್ಲದ ಚೌಕಟ್ಟಿನಲ್ಲಿ ನಿಂತುಕೊಂಡ.

"ಮೇಷ್ಟ್ರೇ, ಒಂದು ಲೆಕ್ಕ ಮಾಡಿಕೊಡಬೇಕು. ನೀವೇ ಮಾಡಬೇಕು. ನಾನು ಮಾಡಿದರೆ ರಾಜಕೀಯ ಅಂತಾರೆ."

ಯಾವ ಲೆಕ್ಕ ಎಂದು ನಾನು ಕೇಳಲಿಲ್ಲ.

"ನಮ್ಮಮ್ಮನ ಕಲ್ಲೂ ಆ ಪಟ್ಟೀಲಿದೆ. ಪ್ರತಿ ವರ್ಷ ಅವಳ ಹೆಸರು ಕೇಳಿದ ರಾತ್ರಿ ನನಗೆ ಊಟ ಸೇರಲ್ಲ. ಅದು ನಿಜವಾದರೆ ಉಪವಾಸ ಇರ್ತೀನಿ, ಬೇಜಾರಿಲ್ಲ. ಸುಳ್ಳಾದರೆ ನನಗೆ ಗೊತ್ತಾಗಬೇಕು. ನಿಮಗೆ ಬೇಡವೇ?" ಎಂದ.

ಅವನ ಧ್ವನಿಯಲ್ಲಿ ಗೇಲಿ ಇರಲಿಲ್ಲ. ಇದ್ದಿದ್ದರೆ ನಾನು ಅವನನ್ನು ಕಳಿಸಿಬಿಡುತ್ತಿದ್ದೆ.

ಹೇಳಿಕೆಯಲ್ಲಿ ಸುಳ್ಳಾಡಿದ ನಾಡಪಾಲರು ಉಳಿಯುವಂತಿಲ್ಲ. ಮುಂದಿನ ತಿಂಗಳು ಸಭೆ ಸೇರಿತು. ನಾನು ಕರಿಹಲಗೆಯನ್ನು ಕಂಬಕ್ಕೆ ಒರಗಿಸಿ ಬರೆದೆ. ಹನ್ನೆರಡು ನಡಿಗೆ, ನಡಿಗೆಗೆ ನಾನೂರು ಹೆಜ್ಜೆ, ಒಟ್ಟು ನಾಲ್ಕು ಸಾವಿರದ ಎಂಟುನೂರು. ಮರಳಿನ ಎತ್ತರ ಎರಡಾಳು. ಕಲ್ಲಿನ ಎತ್ತರ ಒಂದು ಮೊಣಕಾಲು. ಸುಣ್ಣದ ಬಾಳಿಕೆ, ಈ ಗಾಳಿಗೆ, ಹೆಚ್ಚೆಂದರೆ ಎರಡು ವರ್ಷ. ಕೆಳಗೆ ಗೆರೆ ಎಳೆದೆ. ನನ್ನ ಹೆಂಡತಿಯ ಕಲ್ಲು ಮೊದಲ ನಡಿಗೆಯಾದ ಐದು ತಿಂಗಳಿಗೆ ಮುಚ್ಚಿರಬೇಕು ಎಂದು ಓದಿದೆ. ನನ್ನ ಧ್ವನಿ ಎಲ್ಲಿಯೂ ನಡುಗಲಿಲ್ಲ. ಅದಕ್ಕಾಗಿ ಈಗಲೂ ನನಗೆ ನಾಚಿಕೆಯಿದೆ.

ಹತ್ತಿ ವ್ಯಾಪಾರಿ ಕೇಳಿದ, "ಸ್ವಾಮಿ, ಮೇಷ್ಟರ ಲೆಕ್ಕ ತಪ್ಪೇ?"

"ಲೆಕ್ಕ ಸರಿ ಇದೆ," ಎಂದರು ನಾಡಪಾಲರು.

"ಹಾಗಾದರೆ ನಿಮ್ಮ ಹೇಳಿಕೆ?"

"ಅದೂ ಸರಿ ಇದೆ."

ಹಿಂದೆ ಯಾರೋ ಕಿಸಕ್ಕನೆ ನಕ್ಕರು. "ಎರಡೂ ಸರಿ ಅಂದ್ರೆ ಹೆಂಗೆ ಯಜಮಾನ್ರೇ? ಹೆಂಡ್ತಿ ಮುಂದೆ ನಾವು ಹೇಳೋ ಹಂಗೆ ಹೇಳ್ತೀರಲ್ಲ!"

ನಾಡಪಾಲರ ಕಣ್ಣು ನನ್ನ ತಲೆಯ ಮೇಲಿನಿಂದ ಹಾದು ಪಶ್ಚಿಮದಲ್ಲಿ ನಿಂತಿತ್ತು. ಅವರ ಪರವಾಗಿ ಮಾತಾಡಿದವರು ಕೆಲವರು ಇದ್ದರು. ಆದರೆ ಎಲ್ಲರೂ ಕರಿಹಲಗೆಯ ಕಡೆ ನೋಡಿಕೊಂಡೇ ಮಾತಾಡಿದರು.

ಮಡಕೆಗಳನ್ನು ತಂದಿಟ್ಟರು. ಬೆಣಚುಕಲ್ಲು ಎಂಬತ್ತೆಂಟು. ಹತ್ತಿಬೀಜ ನೂರಾ ಮೂರು. ನನ್ನದು ಹತ್ತಿಬೀಜ.

ಅಧಿಕಾರ ಕಳೆದುಕೊಂಡವರು ಎಲ್ಲರೆದುರು ಪೂರ್ವಕ್ಕೆ ತಿರುಗಬೇಕು. ಅದೇ ವಿಧಿ, ಬೇರೆ ಶಿಕ್ಷೆ ಇಲ್ಲ. ಅವರು ಪೀಠದಿಂದ ಎದ್ದರು. ಒಂದು ಗಳಿಗೆ ಪಶ್ಚಿಮವನ್ನೇ ನೋಡಿದರು. ಆಮೇಲೆ ನಿಧಾನವಾಗಿ, ತುಂಬಿದ ಕೊಡ ಹೊತ್ತವರಂತೆ, ತಿರುಗಿದರು.

ಹನ್ನೆರಡು ವರ್ಷದಲ್ಲಿ ಮೊದಲ ಸಲ ಊರು ಅವರ ಬೆನ್ನನ್ನು ಕಂಡಿತು.

ಅವರ ಅಂಗಿ ಬೆನ್ನಿನ ಕಡೆ ಚಿಂದಿಯಾಗಿತ್ತು, ಮೇಲಿಂದ ಮೇಲೆ ಹೊಲಿದಿತ್ತು. ಚಿಂದಿಯ ಸಂದಿನಲ್ಲಿ ಚರ್ಮ ಕಾಣುತ್ತಿತ್ತು. ಅದರ ಮೇಲೆ ಹಳೆಯ ಗಾಯ, ಅದರ ಮೇಲೆ ಹೊಸ ಗಾಯ. ತಲೆಯ ಹಿಂಭಾಗದಲ್ಲಿ ಮೂರು ಕಡೆ ಕೂದಲಿರಲಿಲ್ಲ. ಎರಡು ಮೊಣಕೈಗಳೂ ಗಂಟುಗಟ್ಟಿ ಕಪ್ಪಾಗಿದ್ದವು.

ಸೂಲಗಿತ್ತಿ ಎದ್ದು ಹತ್ತಿರ ಹೋದಳು. ಬೆರಳಿನಿಂದ ಮುಟ್ಟಿ ನೋಡಿದಳು.

"ಇದು ಹೊಡೆದ ಗಾಯ ಅಲ್ಲ. ಇದು ಬಿದ್ದ ಬೆನ್ನು. ಹಿಂದಕ್ಕೆ ನಡೆದು ಬಿದ್ದವರಿಗೆ ಮಾತ್ರ ಹೀಗಾಗತ್ತೆ," ಎಂದಳು.

"ನಡಿಗೆ ದಿನ ಅವರು ಒಂದು ಸಲಾನೂ ಬೀಳಲಿಲ್ಲವಲ್ಲ! ನಾವು ಕೂಗ್ತಾ ಇದ್ದೆವಲ್ಲ," ಎಂದ ಹತ್ತಿ ವ್ಯಾಪಾರಿ.

"ಕೂಗೋವ್ರು ಇಲ್ಲದ ಕಡೆ ಬಿದ್ದಿದಾನೆ," ಎಂದಳು ಸೂಲಗಿತ್ತಿ.

ನನ್ನ ಕೈಯಲ್ಲಿ ಸುಣ್ಣದ ಕಡ್ಡಿ ಇನ್ನೂ ಇತ್ತು. ಲೆಕ್ಕದಲ್ಲಿ ನಾನು ಮರಳನ್ನು ಹಿಡಿದಿದ್ದೆ, ಗಾಳಿಯನ್ನು ಹಿಡಿದಿದ್ದೆ. ಒಬ್ಬ ಮನುಷ್ಯ ಅಲ್ಲಿಗೆ ಹೋಗಬಹುದು ಎಂಬುದನ್ನು ಹಿಡಿದಿರಲಿಲ್ಲ.

ಮರುದಿನ ಅವರನ್ನು ನೋಡಲು ಹೋದೆ. ಅವರಿಗೆ ಊರಿನ ಪೂರ್ವದ ತುದಿಯಲ್ಲಿ ಒಂದು ಮನೆ ಕೊಟ್ಟಿದ್ದರು. ಜಗಲಿಯಲ್ಲಿ ಕೂತು ಮುಂದಿನ ಬಯಲನ್ನು ನೋಡುತ್ತಿದ್ದರು. ಬೆರಳುಗಳ ತುದಿಗಳು ಸುಣ್ಣಕ್ಕೆ ಸೀಳಿಹೋಗಿದ್ದವು. ನಾನು ಕಂಬದ ಪಕ್ಕ ನಿಂತೆ. ಅವರೇ ಮೊದಲು ಮಾತಾಡಿದರು.

"ಮುಂದೆ ಏನೂ ಇಲ್ಲವಲ್ಲ ಮೇಷ್ಟ್ರೇ. ಒಂದು ಗಿಡ ಇಲ್ಲ, ಗುರುತಿಲ್ಲ. ಇದನ್ನ ನೋಡ್ತಾ ಇಷ್ಟು ವರ್ಷ ಹೇಗೆ ನಡೆದಿರಿ ನೀವೆಲ್ಲ?"

ಅವರ ಧ್ವನಿಯಲ್ಲಿ ನಿಜವಾದ ಬೆರಗಿತ್ತು. "ನೀವು ಮುಂದೆ ಇದ್ದಿರಿ. ನಮಗೆ ನಿಮ್ಮ ಮುಖ ಕಾಣ್ತಿತ್ತು," ಎಂದೆ.

ಆಮೇಲೆ, ನಾನು ಕೇಳದಿದ್ದರೂ, ಅವರೇ ಹೇಳಿದರು. ತಿಂಗಳಿಗೊಮ್ಮೆ ಹೋಗುತ್ತಿದ್ದರು. ಬೆಳಕು ಹರಿಯುವಾಗ ಬಾಗಿಲು ತೆರೆದು ಪಶ್ಚಿಮಕ್ಕೆ ಹೊರಡುತ್ತಿದ್ದರು. ಹೋಗುವುದು ಸುಲಭ, ಮುಖ ಅತ್ತಲೇ ಇರುತ್ತದೆ. ಕಲ್ಲುಗಳು ಮುಳುಗುವ ಮೊದಲು ಕಿತ್ತು, ಮರಳಿನ ಮೇಲಕ್ಕೆತ್ತಿ, ಅದೇ ಸಾಲಿನಲ್ಲಿ ನೆಟ್ಟು, ಸುಣ್ಣ ಬಳಿಯುತ್ತಿದ್ದರು. ಮಲಗಿದವರು ಕೆಳಗೆ ಮಲಗಿದ್ದಾರೆ, ಕಲ್ಲು ಅವರ ನೇರ ಮೇಲಿದೆ. ಬರುವಾಗ ಪಶ್ಚಿಮಕ್ಕೆ ಬೆನ್ನು ಹಾಕುವಂತಿಲ್ಲ. ಅಷ್ಟೂ ಹೆಜ್ಜೆಗಳನ್ನು ಹಿಮ್ಮುಖವಾಗಿ ನಡೆದು ಬರುತ್ತಿದ್ದರು. ಮೊದಲ ವರ್ಷ ನಾನೂರು. ಕೊನೆಯ ವರ್ಷ ನಾಲ್ಕು ಸಾವಿರದ ಎಂಟುನೂರು.

"ಯಾರೂ ನೋಡ್ತಿರಲಿಲ್ಲ. ತಿರುಗಿ ನಡೆದು ಬರಬಹುದಿತ್ತು," ಎಂದೆ.

"ಬರಬಹುದಿತ್ತು," ಎಂದರು. ಆ ಯೋಚನೆ ಅವರಿಗೆ ಆಗ ಹೊಸದಾಗಿ ಬಂದಂತಿತ್ತು.

"ಸಭೇಲಿ ಯಾಕೆ ಹೇಳಲಿಲ್ಲ?"

"ಹೇಳಿದ್ದರೆ ನೀವು ಏನು ಮಾಡ್ತಿದ್ದಿರಿ?"

"ನಿಮ್ಮ ಜೊತೆ ಹೋಗ್ತಿದ್ದೆ."

"ಹೋಗಿ?"

"ಅವಳ ಹತ್ತಿರ ಕೂರ್ತಿದ್ದೆ."

"ಆಮೇಲೆ ಎದ್ದು ಬರ್ತಿದ್ದಿರಾ?"

ಅವರು ನನ್ನ ಉತ್ತರಕ್ಕಾಗಿ ಕಾಯಲಿಲ್ಲ.

"ನಲವತ್ತೊಂದು ಮನೆಯವರು ಅಲ್ಲೇ ಕೂತರೆ, ಊರು ನಡೆಯೋದು ಯಾರ ಕಾಲಲ್ಲಿ? ಒಬ್ಬ ಹೋಗಬೇಕು, ಉಳಿದವರು ಹೋಗಬಾರದು. ಅದಕ್ಕೇ ಅಲ್ವಾ ಈ ಹುದ್ದೆ ಇರೋದು," ಎಂದರು.

"ಈಗ?"

"ಈಗ ನನಗೆ ಆ ಬಾಗಿಲಿಲ್ಲ ಮೇಷ್ಟ್ರೇ. ನಿಯಮ ನನಗೂ ಒಂದೇ."

ಎಳೆಯ ಬಿಸಿಲು ಅವರ ಮುಖದ ಮೇಲಿತ್ತು. ಇಷ್ಟು ವರ್ಷ ಆ ಬಿಸಿಲು ಅವರ ಬೆನ್ನಿಗೆ ಬೀಳುತ್ತಿತ್ತು. ಅವರು ಕಣ್ಣು ಕಿರಿದು ಮಾಡಿಕೊಂಡು, ಅಭ್ಯಾಸವಿಲ್ಲದವರ ಹಾಗೆ, ಕೈ ಅಡ್ಡ ಹಿಡಿದರು. ನಾನು ನಮಸ್ಕಾರ ಮಾಡಿ ಬಂದೆ. ಕ್ಷಮಿಸಿ ಎನ್ನಲು ಹೋಗಿದ್ದೆ, ಅದನ್ನು ಹೇಳಲಿಲ್ಲ.

ಸೂಲಗಿತ್ತಿಗೆ ಮಾತ್ರ ಎಲ್ಲವನ್ನೂ ಹೇಳಿದೆ. ಅವಳಿಗೆ ಹೇಳಿದರೆ ಊರಿಗೆ ಹೇಳಿದ ಹಾಗೆ. ಒಂದು ವಾರದಲ್ಲಿ ಎಲ್ಲರಿಗೂ ಗೊತ್ತಾಯಿತು. ಯಾರೂ ಅದರ ಬಗ್ಗೆ ಜೋರಾಗಿ ಮಾತಾಡಲಿಲ್ಲ. ಬೀಸುಕಲ್ಲುಗಳನ್ನು ಬಿಡುವ ಠರಾವು ಮತ್ತೆ ಬಂತು, ಹೊಸ ನಾಡಪಾಲನಾಗಿದ್ದ ಹತ್ತಿ ವ್ಯಾಪಾರಿ ಅದಕ್ಕೆ ಒಪ್ಪಿಗೆ ಹಾಕಿದ. ಬಂಡಿಗೂ ಹಾಕಿದ. ವಿಧವೆಯರ ಹೊರೆ ಇಳಿಯಿತು. ಅದು ಒಳ್ಳೆಯ ಕೆಲಸವೇ. ಸೂಲಗಿತ್ತಿ ಬರಿಗೈಯಲ್ಲಿ ನಡೆಯುವ ದಿನವನ್ನು ನೆನೆದು ನಕ್ಕಳು.

ಗಾಳಿ ನಿಂತಿತು. ನಡಿಗೆಯ ದಿನ ಬಂತು. ಹತ್ತಿ ವ್ಯಾಪಾರಿ ಎಲ್ಲರ ಮುಂದೆ ನಿಂತು ನಮ್ಮ ಕಡೆ ತಿರುಗಿದ. ಊರು ಹಿಂದೆಂದಿಗಿಂತ ಬೇಗ ನಡೆಯಿತು. "ಕಲ್ಲು," ಎಂದೆವು, ದಾಟಿದ. "ಹಳ್ಳ," ಎಂದೆವು, ಸರಿದ. ಪಶ್ಚಿಮದ ಬಾಗಿಲನ್ನು ಅವನು ವರ್ಷವಿಡೀ ತೆರೆದಿರಲಿಲ್ಲ. ನೂರು ಹೆಜ್ಜೆಯಾದ ಮೇಲೆ ಗೋಡೆಯ ಮೇಲಿಂದ ಬಯಲು ಕಂಡಿರಬೇಕು, ಅವನ ಮುಖ ಬದಲಾಯಿತು. ಅಲ್ಲಿಂದ ಮುಂದೆ ನಾವು ಎರಡೆರಡು ಸಲ ಕೂಗಬೇಕಾಯಿತು. ಹಳೆಯ ನಾಡಪಾಲರು ಸಾಲಿನ ನಡುವೆ ಹೊಸಿಲುಗಲ್ಲನ್ನು ಹೊತ್ತು ನಡೆಯುತ್ತಿದ್ದರು. ಅದನ್ನು ಬಂಡಿಗೆ ಹಾಕಲು ಅವರು ಒಪ್ಪಿರಲಿಲ್ಲ. ಅವರ ಮುಖ ಪೂರ್ವಕ್ಕಿತ್ತು.

ಸಂಜೆ ನಾನು ಪುಸ್ತಕ ತೆರೆದು ಕೂತೆ. ಹೊಸ ನಾಡಪಾಲ ಹೇಳಿಕೆಗೆ ನಿಂತ. ಚಿಕ್ಕ ಹೇಳಿಕೆ ಮಾಡುತ್ತೇನೆಂದು ಮಾತು ಕೊಟ್ಟು ಗೆದ್ದಿದ್ದವನು ಅವನು.

"ಬಾವಿಯ ಕಂಬಗಳನ್ನು ಕಂಡೆ," ಎಂದ. "ಗೋಡೆಯನ್ನು ಕಂಡೆ. ಗೋಡೆಯಾಚೆ..." ಎಂದು ನಿಲ್ಲಿಸಿದ.

"ಹೇಳಪ್ಪಾ," ಎಂದಳು ಸೂಲಗಿತ್ತಿ.

"ಗೋಡೆಯಾಚೆ ಮರಳಿನ ಮೇಲೆ ಬಿಳಿ ಕಲ್ಲುಗಳನ್ನು ಕಂಡೆ. ಸಾಲಾಗಿವೆ. ಎಲ್ಲೀವರೆಗೆ ಕಣ್ಣು ಹೋಗತ್ತೋ ಅಲ್ಲೀವರೆಗೆ ಇವೆ. ಹತ್ತಿರದ ತುದಿಯಿಂದ ಎಣಿಸಿದೆ, ನಲವತ್ತೊಂದು. ದೂರದ ತುದೀಲಿ ಇರೋದು ಮೇಷ್ಟರ ಹೆಂಡತೀದು. ಆ ತುದಿಯಿಂದ ಮೂರನೇದು ನಮ್ಮಮ್ಮಂದು." ಅವನು ಮೂಗು ಒರೆಸಿಕೊಂಡ. "ಬುಡದಲ್ಲಿ ಮರಳು ಏರಿದೆ. ಅರ್ಧ ಏರಿದೆ. ಮುಂದಿನ ಸಲ ಕಾಣಲಾರವು."

ನಾನು ಬರೆದೆ. ಕಂಡಿದೆ, ಎಂದು ಬರೆದೆ. ಅಕ್ಷರ ಓರೆಯಾಯಿತು, ಅದನ್ನು ತಿದ್ದಲಿಲ್ಲ. ಜನ ಕೂತಲ್ಲೇ ಕೂತಿದ್ದರು. ಹಳೆಯ ನಾಡಪಾಲರು ಎಲ್ಲಿದ್ದಾರೆಂದು ಯಾರೂ ತಿರುಗಿ ನೋಡುವ ಧೈರ್ಯ ಮಾಡಲಿಲ್ಲ. ತಿರುಗಿದ್ದರೆ ಪಶ್ಚಿಮ ಕಾಣುತ್ತಿತ್ತು.

ಎರಡು ತಿಂಗಳ ನಂತರ ಶಾಲೆಯ ಮಾಡಿಗೆ ಹುಲ್ಲು ಕೇಳಲು ನಾಡಪಾಲನ ಮನೆಗೆ ಹೋದೆ. ಅವನು ಪೀಠದಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ಕೂತಿದ್ದ. ನಾನು ಅವನೆದುರು ನಿಂತು ಕಾಗದ ಕೊಟ್ಟೆ. ಅವನು ಅದನ್ನು ಓದಿದ, ಎರಡು ಹೊರೆ ಸಾಕೇ ಎಂದು ಕೇಳಿದ. ಸಾಕು ಎಂದೆ. ರುಜು ಹಾಕಲು ಕೈ ಚಾಚಿದ.

ಅವನ ಎಡಗೈಯ ಮೊಣಕೈಗೆ ಬಟ್ಟೆ ಸುತ್ತಿತ್ತು.